ಕ್ಯಾಸಾಬ್ಲಾಂಕ 4ಕೆ ಡಿಸ್ಕ್: ಹೀರೋ ಹಿಂದೆ ಕೂತಿರೋರನ್ನೂ ನೋಡಿ

1942ರ ಕ್ಯಾಸಾಬ್ಲಾಂಕ ಸಿನಿಮಾಗೆ 80 ವರ್ಷ ತುಂಬಿದಾಗ ವಾರ್ನರ್ ಬ್ರದರ್ಸ್‌ನೋರು 4ಕೆ ಡಿಸ್ಕ್ ತಂದ್ರಲ್ಲ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬ್ಲಾಕ್ ಅಂಡ್ ವೈಟ್ ಅಷ್ಟು ಚೆನ್ನಾಗಿ ಬಂದಿದೆ, ಕೆಫೆ ತುಂಬಿರೋ ಸಿಗರೇಟ್ ಹೊಗೆ, ಇಂಗ್ರಿಡ್ ಬರ್ಗ್‌ಮನ್ ಕಣ್ಣಂಚಿನ ನೀರು ಎಲ್ಲಾ ಕಾಣುತ್ತೆ. ಸೌಂಡ್ ಹಳೇ ಮೋನೋನೇ, ಅಂದ್ರೆ ಒಂದೇ ಚಾನೆಲ್. ಕನ್ನಡ ಸಬ್‌ಟೈಟಲ್ ಇಲ್ಲ, ಹೀರೋ ಹಂಫ್ರಿ ಬೋಗಾರ್ಟ್ ಪಟಪಟ ಮಾತಾಡ್ತಾನೆ, ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಳ್ಳಿ.

ಕಥೆ ನಡೆಯೋದು ಎರಡನೇ ಮಹಾಯುದ್ಧದ ಟೈಮಲ್ಲಿ, ಉತ್ತರ ಆಫ್ರಿಕಾದ ಕ್ಯಾಸಾಬ್ಲಾಂಕ ಊರಲ್ಲಿ. ಎಲ್ಲರೂ ಇದನ್ನ ಕೆಫೆ ಓನರ್ ರಿಕ್ (ಬೋಗಾರ್ಟ್), ಅವನ ಹಳೇ ಪ್ರೇಯಸಿ ಇಲ್ಸಾ (ಬರ್ಗ್‌ಮನ್) ಲವ್ ಸ್ಟೋರಿ ಅಂತಾರೆ, ಹೌದು, ಆದ್ರೆ ನನ್ನ ಪ್ರಕಾರ ಈ ಸಿನಿಮಾದ ಜೀವ ಇರೋದು ಚಿಕ್ಕ ಪಾತ್ರಗಳಲ್ಲಿ. ನಾಜಿ ಆಫೀಸರ್‌ಗಳ ಹಾಡನ್ನ ಮುಳುಗಿಸೋ ಹಾಗೆ ಇಡೀ ಕೆಫೆ ಎದ್ದು ಫ್ರೆಂಚ್ ರಾಷ್ಟ್ರಗೀತೆ ಹಾಡುತ್ತಲ್ಲ, ಅಲ್ಲಿ ಕಣ್ಣೀರು ಸುರಿಸ್ಕೊಂಡು ಹಾಡೋ ಮ್ಯಾಡಲೀನ್ ಲೆಬೋ 1940ರಲ್ಲಿ ನಿಜವಾಗ್ಲೂ ಫ್ರಾನ್ಸ್ ಬಿಟ್ಟು ಓಡಿಬಂದವಳು, ಜೊತೆಗೆ ಬಂದ ಗಂಡ ಮಾರ್ಸೆಲ್ ದಾಲಿಯೋ ಇದೇ ಕೆಫೆಲಿ ರೂಲೆಟ್ ಅನ್ನೋ ಜೂಜಿನ ಟೇಬಲ್ ನೋಡ್ಕೊಳ್ಳೋನು. ನಾಜಿ ಮೇಜರ್ ಪಾತ್ರ ಮಾಡಿರೋ ಕಾನ್ರಾಡ್ ವೈಟ್ ಕೂಡ ನಾಜಿಗಳಿಂದ ತಪ್ಪಿಸ್ಕೊಂಡು ಜರ್ಮನಿ ಬಿಟ್ಟೋನೇ, ಅವನ ಹೆಂಡತಿ ಯಹೂದಿ. ಇದು ಗೊತ್ತಾದ್ಮೇಲೆ ಆ ಸೀನ್ ನೋಡಿದ್ರೆ ಗಂಟಲು ಕಟ್ಟುತ್ತೆ.

ಮೇಕಿಂಗ್ ಕಥೆನೂ ಅಷ್ಟೇ ರೋಚಕ. ಸ್ಟೇಜೇ ಹತ್ತದ ಒಂದು ನಾಟಕನ 20,000 ಡಾಲರ್‌ಗೆ ಕೊಂಡ್ರು, ಶೂಟಿಂಗ್ ನಡೀತಿರುವಾಗ್ಲೇ ಸ್ಕ್ರಿಪ್ಟ್ ಬರೀತಿದ್ರು, ಕೊನೆಗೆ ಇಲ್ಸಾ ರಿಕ್ ಜೊತೆ ಹೋಗ್ತಾಳಾ ಗಂಡನ ಜೊತೆನಾ ಅನ್ನೋದು ಬರ್ಗ್‌ಮನ್‌ಗೇ ಗೊತ್ತಿರ್ಲಿಲ್ಲ, ಆ ಗೊಂದಲನೇ ಮುಖದಲ್ಲಿ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಏರ್‌ಪೋರ್ಟ್ ಸೀನ್‌ಲಿ ಹಿಂದೆ ನಿಂತಿರೋದು ಸಣ್ಣ ಡಮ್ಮಿ ವಿಮಾನ, ಅದು ದೊಡ್ಡದಾಗಿ ಕಾಣ್ಲಿ ಅಂತ ಕುಳ್ಳಗಿರೋರನ್ನ ಸುತ್ತ ಓಡಾಡಿಸಿ ಮಂಜು ಬಿಟ್ಟಿದಾರೆ. ಗೆಳೆತನದ ಬಗ್ಗೆ ಇರೋ ಆ ಫೇಮಸ್ ಕೊನೇ ಡೈಲಾಗ್ ಇದ್ಯಲ್ಲ, ಶೂಟಿಂಗ್ ಎಲ್ಲಾ ಮುಗಿದ್ಮೇಲೆ ಪ್ರೊಡ್ಯೂಸರ್ ಹಾಲ್ ವಾಲಿಸ್ ಬೋಗಾರ್ಟ್‌ನ ಮತ್ತೆ ಕರೆಸಿ ಡಬ್ ಮಾಡಿಸಿದ್ದು! ಅಷ್ಟರಲ್ಲಿ 1942ರ ನವೆಂಬರ್ 8ಕ್ಕೆ ಮಿತ್ರಪಡೆ ಉತ್ತರ ಆಫ್ರಿಕಾಕ್ಕೆ ಇಳೀತು, ಕ್ಯಾಸಾಬ್ಲಾಂಕ ಅನ್ನೋ ಹೆಸರು ದಿನಾ ಪೇಪರಲ್ಲಿ, ಸ್ಟುಡಿಯೋದೋರು ತಡಮಾಡದೆ 26ಕ್ಕೇ ನ್ಯೂಯಾರ್ಕ್‌ನಲ್ಲಿ ಪ್ರೀಮಿಯರ್ ಮಾಡಿಬಿಟ್ರು.

ಡಿಸ್ಕ್ ಸೆಟ್‌ನಲ್ಲಿ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಸಿನಿಮಾ ಜೊತೆಜೊತೆಗೇ ವಿವರಿಸೋ ಕಾಮೆಂಟರಿ ಇದೆ, ಬೋಗಾರ್ಟ್ ಹೆಂಡತಿ ಲಾರೆನ್ ಬಕಾಲ್ ನಡೆಸಿಕೊಡೋ ಡಾಕ್ಯುಮೆಂಟರಿನೂ ಇದೆ, ಎರಡೂ ಬಿಡ್ಬೇಡಿ. ಆದ್ರೆ ಮೊದಲನೇ ಸಲ ನೋಡೋರು ಬರೀ ಸಿನಿಮಾ ನೋಡಿ, ಕಾಮೆಂಟರಿ ಆಮೇಲೆ ಹಾಕ್ಕೊಳ್ಳಿ.