ಬೀಜದಿಂದ ಐರಿಸ್: ನಮ್ಮ ಮಳೆಗೆ ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ಲ್ಯಾಕ್‌ಬೆರ್ರಿ ಲಿಲ್ಲಿಗೆ. ಲಿಲ್ಲಿ ಅಂತ ಕರೆದರೂ ಅದು ಐರಿಸ್ ಅನ್ನುವ ಹೂಗಿಡಗಳ ಜಾತಿಯದ್ದೇ. 2005ರಲ್ಲಿ ಡಿಎನ್‌ಎ ಆಧಾರದ ಮೇಲೆ ಅದನ್ನು ಐರಿಸ್ ಡೊಮೆಸ್ಟಿಕಾ ಅಂತ ಸೇರಿಸಿದರು. ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಲ್ಲಿ ಇದನ್ನೂ, ದಳದ ಮೇಲೆ ಗಡ್ಡದ ಹಾಗೆ ರೋಮ ಇರುವ ಬಿಯರ್ಡೆಡ್ ಐರಿಸ್ಸನ್ನೂ, ಲೂಸಿಯಾನ ಐರಿಸ್ಸನ್ನೂ ಬೀಜದಿಂದ ಬೆಳೆಸಿ ನೋಡಿದ್ದೇನೆ. ಮೂರೂ ನಿಧಾನವೇ. ಆದರೆ ಕಾದಿದ್ದಕ್ಕೆ ಫಲ ಕೊಟ್ಟಿದ್ದು ಒಂದೇ.

ಬಿಯರ್ಡೆಡ್ ಬೀಜವನ್ನು ಆನ್‌ಲೈನಲ್ಲಿ ತರಿಸಿದೆ. ಪೊಟ್ಟಣದ ಮೇಲೆ ನೀಲಿ, ನೇರಳೆ, ಹಳದಿ ಎಲ್ಲ ಇತ್ತು. ಒಳಗಿದ್ದಿದ್ದು ಕಾಳುಮೆಣಸಿನ ಹಾಗೆ ಸುಕ್ಕುಗಟ್ಟಿದ ಕಂದು ಬೀಜ. ಒಂದು ಮಾತು ನೆನಪಿರಲಿ, ಹೈಬ್ರಿಡ್ ಐರಿಸ್ ಬೀಜದಿಂದ ತಾಯಿ ಗಿಡದ ಬಣ್ಣವೇ ಬರುತ್ತದೆ ಅನ್ನುವ ಹಾಗಿಲ್ಲ. ಚಿತ್ರ ನೋಡಿ ದುಡ್ಡು ಕೊಡಬೇಡಿ.

ಇದರ ನಿಜವಾದ ತೊಂದರೆ ಚಳಿಯದ್ದು. ಈ ಬೀಜದಲ್ಲಿ ಮೊಳಕೆಯನ್ನು ತಡೆಹಿಡಿಯುವ ಅಂಶ ಇರುತ್ತದೆ. ಅದು ನೀರಿನಲ್ಲಿ ತೊಳೆದು ಹೋಗಬೇಕು, ಆಮೇಲೆ ಎರಡು ಮೂರು ತಿಂಗಳು ಒದ್ದೆ ಚಳಿ ಸಿಗಬೇಕು, ಸುಮಾರು 4 ಡಿಗ್ರಿ. ನಮ್ಮ ಡಿಸೆಂಬರ್ ಚಳಿ ನಮಗೆ ಕಂಬಳಿ ಹೊದೆಯುವಷ್ಟಿದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಫ್ರಿಜ್ಜೇ ಗತಿ. ಒದ್ದೆ ಕೋಕೋಪೀಟಿನ (ತೆಂಗಿನ ನಾರಿನ ಪುಡಿ) ಜೊತೆ ಕವರಿನಲ್ಲಿ ಹಾಕಿ ತರಕಾರಿ ಡಬ್ಬದ ಪಕ್ಕ ಇಟ್ಟೆ.

ಈಗ ಮಲೆನಾಡಿನ ಮಳೆಗಾಲ ಯೋಚನೆ ಮಾಡಿ. ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಫ್ರಿಜ್ಜಿನ ಒಳಗೆ ಸೆಕೆ, ಕವರಿನ ಒಳಗೆ ನೀರಹನಿ, ಮತ್ತೆ ಕರೆಂಟು ಬಂದ ಮೇಲೆ ಚಳಿ. ಎರಡು ಸಲ ಹೀಗಾದರೆ ಬೀಜದ ಸುತ್ತ ಬಿಳಿ ಬೂಷ್ಟು ಗ್ಯಾರಂಟಿ. ಆಗ ಒಂದೊಂದೇ ಬೀಜ ಹೊರಗೆ ತೆಗೆದು, ತೊಳೆದು, ಒರೆಸಿ, ಬೆರಳಲ್ಲಿ ಒತ್ತಿ ನೋಡಬೇಕು. ಮೆತ್ತಗಾಗಿದ್ದರೆ ಅದು ಹೋಯಿತು. ಗಟ್ಟಿ ಇದ್ದರೆ ಇನ್ನೂ ಆಸೆ ಇದೆ, ಹೊಸ ಕೋಕೋಪೀಟಿಗೆ ಹಾಕಿ ಮತ್ತೆ ಒಳಗಿಡಿ. ಇದನ್ನೇ ಮಳೆಗಾಲ ಪೂರ್ತಿ ಮಾಡುತ್ತಾ ಇರುವುದು.

ಮಳೆ ಮುಗಿದ ಮೇಲೆ ಫ್ರಿಜ್ಜಿಗೆ ಇಡಬಹುದಲ್ವಾ ಅಂದರೆ, ಇಡಬಹುದು. ಆದರೆ ಆಗ ಅಡಿಕೆ ಕೊಯ್ಲು. ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೇಗೋ ನೋಡಿಕೊಂಡರೂ ಮೊಳಕೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಮತ್ತೆ ಪುಟ್ಟ ಸಸಿ ನೇರ ಜೂನ್ ಮಳೆಯ ಬಾಯಿಗೆ. ಬಿಯರ್ಡೆಡ್ ಗಡ್ಡೆ ಮಣ್ಣಿನ ಮೇಲೆ ಅರ್ಧ ಕಾಣುವ ಹಾಗಿದ್ದು ಬಿಸಿಲು ಕಾಯಬೇಕು. ಒದ್ದೆ ನಿಂತರೆ ಬುಡದಿಂದ ಕೊಳೆತು ಕೆಟ್ಟ ವಾಸನೆ ಬರುತ್ತದೆ. ಕಾಶ್ಮೀರದಲ್ಲಿ ಸಮಾಧಿಗಳ ಹತ್ತಿರ, ಹಳೆಯ ಮನೆಗಳ ಮಣ್ಣಿನ ಮಾಡಿನ ಮೇಲೆ ಐರಿಸ್ ತಾನಾಗಿ ಹೂ ಬಿಡುತ್ತದೆ. ಅಲ್ಲಿ ಹಿಮ ಇದೆ. ಇಲ್ಲಿ ಪಕ್ಕದಲ್ಲೇ ಆಗುಂಬೆ, ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ನನ್ನಲ್ಲಿ ಮೊಳೆತ ಕೆಲವೇ ಸಸಿಗಳಲ್ಲಿ ಒಂದೂ ಮಳೆಗಾಲ ದಾಟಲಿಲ್ಲ.

ಲೂಸಿಯಾನ ಐರಿಸ್ ಇದಕ್ಕೆ ಪೂರ್ತಿ ಉಲ್ಟಾ. ಅಮೆರಿಕದ ದಕ್ಷಿಣದ ಜೌಗು ನೆಲದ ಗಿಡ, ನೀರು ಅಂದರೆ ಇಷ್ಟ, ನಮ್ಮ ಹುಳಿ ಮಣ್ಣೂ ಒಗ್ಗುತ್ತದೆ. ಬೀಜ ದಪ್ಪ, ಮೇಲೆ ಬೆಂಡಿನಂಥ ಸಿಪ್ಪೆ, ನೀರಿಗೆ ಹಾಕಿದರೆ ತೇಲುತ್ತದೆ. ಆ ಸಿಪ್ಪೆ ಇರುವ ತನಕ ಮೊಳಕೆ ತಡ. ನಾನು ಉಗುರಲ್ಲಿ ಮೆಲ್ಲಗೆ ಸಿಪ್ಪೆ ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ, ಗುಡ್ಡದಿಂದ ಹರಿದು ಹಿತ್ತಲಿಗೆ ಬೀಳುವ ಅಬ್ಬಿ ನೀರಿನ ಕೆಳಗೆ ಇಟ್ಟಿದ್ದೆ. ಹಗಲು ರಾತ್ರಿ ಹೊಸ ನೀರು ಹರಿಯುತ್ತದೆ, ದಿನಾ ಲೋಟದ ನೀರು ಬದಲಿಸುವ ಕೆಲಸವಿಲ್ಲ. ಮಲೆನಾಡಿನವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೂ ಮೊಳಕೆ ಒಟ್ಟಿಗೆ ಬರುವುದಿಲ್ಲ, ಸ್ವಲ್ಪ ಈಗ, ಸ್ವಲ್ಪ ತಿಂಗಳುಗಳ ನಂತರ. ಕುಂಡದ ಮಣ್ಣು ಸುರಿದುಬಿಡಬೇಡಿ. ತೋಟದ ಬಸಿಗಾಲುವೆ ಅಂಚಿಗೆ ನೆಟ್ಟ ಸಸಿ ಮಳೆಗೆ ಜಗ್ಗಲಿಲ್ಲ, ಎಲೆ ಚೆನ್ನಾಗಿದೆ. ಹೂ ಇನ್ನೂ ಬಂದಿಲ್ಲ, ಬೀಜದಿಂದ ಎರಡು ಮೂರು ವರ್ಷ ಬೇಕು. ಬೀಜದ ಬೆಲೆ ಮಾತ್ರ ಜಾಸ್ತಿ.

ಬ್ಲ್ಯಾಕ್‌ಬೆರ್ರಿ ಲಿಲ್ಲಿ ಬೀಜ ಸಾಗರದ ಅತ್ತಿಗೆಯ ಮನೆಯಿಂದ ಬಂತು, ಕಾಸು ಖರ್ಚಿಲ್ಲ. ಕಾಯಿ ಒಣಗಿ ಬಿರಿದಾಗ ಒಳಗೆ ಹೊಳೆಯುವ ಕಪ್ಪು ಬೀಜಗಳ ಗೊಂಚಲು. ರಾತ್ರಿ ನೆನೆಸಿ, ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿದ ಕುಂಡದಲ್ಲಿ ಅರ್ಧ ಇಂಚು ಆಳಕ್ಕೆ ಹಾಕಿದೆ. ಫ್ರಿಜ್ಜು ಬೇಕಾಗಲಿಲ್ಲ. ಕೆಲವು ವಾರಕ್ಕೆ ಹಸಿರು ಮೊನೆ ಕಂಡಿತು, ಹಿಂದುಳಿದವು ನಿಧಾನಕ್ಕೆ ಬಂದವು. ಬೀಜ ಮಣ್ಣಿನೊಳಗೇ ಉಳಿದು, ಎಲೆ ಅದರ ಪಕ್ಕದಿಂದ ಮೇಲೆ ಬರುತ್ತದೆ. ಅದಕ್ಕೇ ಏನಾಯಿತು ಅಂತ ಕೆದಕಿ ನೋಡಬೇಡಿ. ಸಣ್ಣದರಲ್ಲಿ ನೋಡಲು ಹುಲ್ಲೇ, ಕಳೆ ಕೀಳುವವರು ಕಿತ್ತು ಹಾಕುತ್ತಾರೆ. ಒಂದು ಕಡ್ಡಿ ಚುಚ್ಚಿಡಿ.

ನೀರು ನಿಲ್ಲದ ಹಾಗೆ ಧರೆಯ (ಮಣ್ಣಿನ ದಿಬ್ಬದ) ಅಂಚಲ್ಲಿ ನೆಟ್ಟೆ, ಎರಡನೇ ವರ್ಷ ಹೂ ಬಿಟ್ಟಿತು. ಕಿತ್ತಳೆ ಬಣ್ಣದ ಆರು ದಳ, ಮೇಲೆ ಕಡುಗೆಂಪು ಚುಕ್ಕೆ. ಒಂದು ಹೂವಿಗೆ ಒಂದೇ ದಿನ, ಸಂಜೆಗೆ ದಳಗಳು ತಿರುಚಿಕೊಂಡು ಸುರುಳಿಯಾಗುತ್ತವೆ. ಮಾರನೇ ದಿನ ಬೇರೆ ಮೊಗ್ಗು ಅರಳುತ್ತದೆ. ಬಿಯರ್ಡೆಡ್‌ನ ಅಂದ ಇದಕ್ಕಿಲ್ಲ, ಒಪ್ಪುತ್ತೇನೆ. ಆದರೆ ನಾನು ಕೊಯ್ಲಿನ ದಿನಗಳಲ್ಲಿ ಹಿತ್ತಲ ಕಡೆ ತಲೆ ಹಾಕುವವಳಲ್ಲ, ಹೂವಿನ ಬೀಜಕ್ಕೆ ನೂರಾರು ರೂಪಾಯಿ ಸುರಿಯುವವಳೂ ಅಲ್ಲ. ನನ್ನ ಥರದವರಿಗೆ ಇದೇ ಸರಿ. ನೀರು ನಿಲ್ಲುವ ಜಾಗ ಇದ್ದು ತಾಳ್ಮೆಯೂ ಇದ್ದರೆ ಲೂಸಿಯಾನ ಹಾಕಿ. ಬಿಯರ್ಡೆಡ್ ಬೀಜ ನಮ್ಮ ಕಡೆಗೆ ಬೇಡವೇ ಬೇಡ.

ಕಾಯಿ ಈಗ ಬಲಿಯುತ್ತಿವೆ. ಬೀಜ ಬೇಕಾದವರು ಹೇಳಿ, ಒಂದು ಒಳ್ಳೆ ಡೇರೆ ಹೂವಿನ (ಡೇಲಿಯಾ) ಗಡ್ಡೆ ಕೊಟ್ಟರೆ ಬದಲಿಗೆ ಕೊಡುತ್ತೇನೆ.