ಎಂಟುನೂರು ರೂಪಾಯಿಯ ಬಿಜಿ ಬೋರ್ಡ್: ಅರ್ಧ ಉಪಯೋಗ, ಅರ್ಧ ಅಲಂಕಾರ

ಎಲ್‌ಕೆಜಿಗೆ ಮಕ್ಕಳನ್ನು ಸೇರಿಸುವ ಮನೆಗಳಲ್ಲಿ ಈಗ ಈ ಬಿಜಿ ಬೋರ್ಡ್ ಹುಚ್ಚು ಜೋರಾಗಿದೆ. ಬ್ಯಾಗಿನ ಹಾಗೆ ಮಡಚಿ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ದಪ್ಪ ಬಟ್ಟೆಯ ಹಲಗೆ. ಬಿಚ್ಚಿದರೆ ಒಳಗೆಲ್ಲ ಗುಂಡಿ, ಜಿಪ್, ಬಕಲ್, ಶೂ ಲೇಸ್, ಟಿಚ್ ಬಟನ್, ಅಂಟುಪಟ್ಟಿ, ಜಡೆ ಹೆಣೆಯುವ ದಾರ, ಗಡಿಯಾರ, ಎಬಿಸಿಡಿ. ಆಡುತ್ತಾ ಆಡುತ್ತಾ ಮಗು ತನ್ನ ಬಟ್ಟೆ ತಾನೇ ಹಾಕಿಕೊಳ್ಳುವುದನ್ನು ಕಲಿಯುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ. ನಾನು ಮಗಳಿಗೆ ಆನ್‌ಲೈನ್‌ನಲ್ಲಿ ಎಂಟುನೂರು ರೂಪಾಯಿ ಆಸುಪಾಸಿಗೆ ತರಿಸಿದೆ. ಆಮೇಲೆ ಇಲ್ಲೇ ದಾವಣಗೆರೆಯ ಒಂದು ಆಟದ ಸಾಮಾನಿನ ಅಂಗಡಿಯಲ್ಲೂ ಇದೇ ಮಾಲು ಕಂಡಿತು. ರೇಟು ಸ್ವಲ್ಪ ಜಾಸ್ತಿ, ಆದರೆ ಅಲ್ಲಿ ಜಿಪ್ ಎಳೆದು, ಗುಂಡಿ ಜಗ್ಗಿ ನೋಡಿ ತರಬಹುದು. ಕಂಪನಿ ಹೆಸರು ಬರೆಯುತ್ತಿಲ್ಲ, ಒಂದೇ ಮಾಲು ನಾಲ್ಕಾರು ಹೆಸರಲ್ಲಿ ಬರುತ್ತಿದೆ, ಬಣ್ಣ ಮಾತ್ರ ಬೇರೆ.

ಮೋಸ ಅಂತ ಹೇಳುವುದಿಲ್ಲ. ಟಿಚ್ ಬಟನ್ ಮತ್ತು ಬಕಲ್ ಚೆನ್ನಾಗಿವೆ. ಬಕಲ್ ಅಂದರೆ ಸ್ಕೂಲ್ ಬ್ಯಾಗಿಗೆ ಇರುತ್ತದಲ್ಲ, ಎರಡೂ ಕಡೆ ಒತ್ತಿದರೆ ಟಕ್ ಅಂತ ಬಿಚ್ಚಿಕೊಳ್ಳುವುದು, ಅದು. ಚಿಕ್ಕ ಬೆರಳಿಗೆ ಅದನ್ನು ಒತ್ತುವಷ್ಟು ಬಲ ಬರಲು ಸಮಯ ಬೇಕು, ಬೋರ್ಡಿನ ಮೇಲೆ ದಿನಾ ಟಕ್ ಟಕ್ ಮಾಡುತ್ತಾ ಕೂತರೆ ಬಲ ತಾನಾಗಿ ಬರುತ್ತದೆ. ಮಗಳಿಗೆ ಆ ಸದ್ದೇ ಇಷ್ಟ, ಹಾಗಾಗಿ ಹೇಳಿಸಿಕೊಳ್ಳದೇ ಮಾಡುತ್ತಾಳೆ.

ಜಿಪ್ ಪರವಾಗಿಲ್ಲ. ಆದರೆ ಅದರ ಎರಡೂ ತುದಿ ಹೊಲಿದುಬಿಟ್ಟಿದ್ದಾರೆ. ಮೇಲೆ ಕೆಳಗೆ ಎಳೆಯುವುದು ಎರಡೂವರೆ ವರ್ಷದ ಮಗುವಿಗೂ ಬರುತ್ತದೆ, ಕಷ್ಟ ಇರುವುದು ಜರ್ಕಿನ್ ಅಥವಾ ರೇನ್‌ಕೋಟಿನ ಕೆಳಗಡೆ ಆ ಕಡ್ಡಿಯನ್ನು ಇನ್ನೊಂದು ಕಡೆಯ ಮನೆಯೊಳಗೆ ಕೂರಿಸುವುದರಲ್ಲಿ. ಅದೇ ಇಲ್ಲ! ಶೂ ಲೇಸ್ ಕಟ್ಟುವುದು ಐದಾರು ವರ್ಷದ ಮಕ್ಕಳ ಕೆಲಸ, ಎಲ್‌ಕೆಜಿ ಮಕ್ಕಳ ಶೂ ಹೇಗೂ ಅಂಟುಪಟ್ಟಿಯದ್ದೇ ಇರುತ್ತದೆ. ಜಡೆ ಹೆಣೆಯುವುದು, ಗಡಿಯಾರ, ಎಬಿಸಿಡಿ ಇವೆಲ್ಲ ಪುಟ ತುಂಬಿಸಲು ಹೊಲಿದದ್ದು.

ಇನ್ನು ಗುಂಡಿ. ಇದಕ್ಕಾಗಿಯೇ ಅಲ್ವಾ ನಾವೆಲ್ಲ ಇದನ್ನು ತರಿಸುವುದು? ಬೋರ್ಡಿನ ಮೇಲೆ ಮಗಳು ಬೇಗ ಕಲಿತಳು. ದೊಡ್ಡ ಗುಂಡಿ, ಮೆತ್ತನೆಯ ಬಟ್ಟೆ, ಕಾಜಾ ಕೂಡ ಸಡಿಲ. ಸ್ವಲ್ಪ ದಿನಕ್ಕೆ ಇನ್ನೂ ಸಡಿಲವಾಗಿ ಗುಂಡಿ ತಾನೇ ಜಾರಿಕೊಂಡು ಹೋಗುತ್ತಿತ್ತು. ಆದರೆ ಹೊಸ ಯೂನಿಫಾರ್ಮ್ ಶರ್ಟು ಹಾಕಿ ಗುಂಡಿ ಹಾಕಿಕೋ ಅಂದರೆ ಸುಮ್ನೆ ನನ್ನ ಮುಖ ನೋಡುತ್ತಾ ನಿಂತಳು. ಹೊಸ ಶರ್ಟಿನ ಕಾಜಾ ಬಿಗಿ, ಗುಂಡಿ ಸಣ್ಣದು. ಅದಕ್ಕಿಂತ ಮುಖ್ಯ, ಬೋರ್ಡು ಎದುರಿಗೆ ಇರುತ್ತದೆ, ಶರ್ಟು ಮೈಮೇಲೆ ಇರುತ್ತದೆ. ಮೇಲಿಂದ ಬಗ್ಗಿ ನೋಡಿದರೆ ಎಲ್ಲ ಉಲ್ಟಾ ಕಾಣುತ್ತದೆ, ಕತ್ತಿನ ಹತ್ತಿರದ ಗುಂಡಿ ಅಂತೂ ಕಾಣುವುದೇ ಇಲ್ಲ.

ನಮ್ಮತ್ತೆ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಹಲಗಿ ಮ್ಯಾಲಿನ ಗುಂಡಿ ಹಾಕಿ ಏನು ಬಂತವ್ವಾ, ಮೈ ಮ್ಯಾಲಿಂದು ಹಾಕ್ಲಿ" ಅಂದರು. ಅವರದ್ದೇ ಒಂದು ದಾರಿ ಇತ್ತು. ಅಪ್ಪನ ಹಳೇ ಶರ್ಟು ತಂದು ಮಗಳಿಗೆ ನೈಟಿ ಥರ ಹಾಕಿಸಿದರು. ಒಗೆದು ಒಗೆದು ಮೆತ್ತಗಾದ ಕಾಜಾ, ಸ್ವಲ್ಪ ದೊಡ್ಡ ಗುಂಡಿ, ಮೈಮೇಲೆಯೇ ಇದೆ. ಎಲ್ಲಕ್ಕಿಂತ ಕೆಳಗಿನ ಗುಂಡಿಯಿಂದ ಶುರು, ಅದು ಮಗುವಿನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅಜ್ಜಿ ಗುಂಡಿಯನ್ನು ಕಾಜಾದೊಳಗೆ ಅರ್ಧ ತೂರಿಸಿ ಕೊಡುವುದು, ಮಗಳು ಈ ಕಡೆಯಿಂದ ಹಿಡಿದು ಎಳೆಯುವುದು. ಕೊನೆಯ ಹೆಜ್ಜೆ ಮಗುವಿನದ್ದಾದರೆ ನಾನೇ ಹಾಕಿದೆ ಅನ್ನುವ ಖುಷಿ ಸಿಗುತ್ತದೆ, ಆಮೇಲೆ ಅದರ ಹಿಂದಿನ ಹೆಜ್ಜೆ, ಹಾಗೇ ಹಿಂದಕ್ಕೆ ಹೋಗುವುದು. ಮಕ್ಕಳಿಗೆ ಕೈಕೆಲಸ ಕಲಿಸುವ ಥೆರಪಿಸ್ಟ್‌ಗಳು ಬಳಸುವುದೂ ಇದೇ ಕ್ರಮ, ಅತ್ತೆಗೆ ಅದೇನೂ ಗೊತ್ತಿಲ್ಲ ಬಿಡಿ.

ಈ ಬೋರ್ಡುಗಳನ್ನು ಮಾರುವವರು ಎಲ್ಲದಕ್ಕೂ ಮಾಂಟೆಸ್ಸರಿ ಅಂತ ಸೇರಿಸುತ್ತಾರೆ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ಶುರು ಮಾಡಿದ ಡಾಕ್ಟರು. 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಟೀಚರ್‌ಗಳಿಗೂ ತರಬೇತಿ ಕೊಟ್ಟವರು. ಅವರ ಕ್ರಮದಲ್ಲಿ ಬಟ್ಟೆ ಕಟ್ಟಿದ ಮರದ ಚೌಕಟ್ಟುಗಳು ಇರುವುದು ನಿಜ, ಆದರೆ ಒಂದು ಚೌಕಟ್ಟಿಗೆ ಒಂದೇ ಥರದ್ದು. ಗುಂಡಿ ಅಂದರೆ ಬರೀ ಗುಂಡಿ, ಜಿಪ್ ಅಂದರೆ ಬರೀ ಜಿಪ್. ಮಗು ಒಂದರ ಮೇಲೇ ಕೂರಲಿ ಅಂತ. ಇಲ್ಲಿ ನೋಡಿದರೆ ಸಂತೆ ಥರ ಎಲ್ಲವನ್ನೂ ಒಂದೇ ಕಡೆ ತುಂಬಿದ್ದಾರೆ, ಗುಂಡಿ ಅರ್ಧ ಹಾಕುವಷ್ಟರಲ್ಲಿ ಕೈ ಗಡಿಯಾರದ ಮುಳ್ಳಿಗೆ ಹೋಗುತ್ತದೆ. ನಾನು ಈಗ ಬೇಕಾದ ಪುಟ ಒಂದನ್ನೇ ಬಿಟ್ಟು ಉಳಿದದ್ದನ್ನು ಹಿಂದಕ್ಕೆ ಮಡಚಿ ಕ್ಲಿಪ್ಪು ಹಾಕಿ ಕೊಡುತ್ತೇನೆ.

ಇದರಲ್ಲಿ ಇಲ್ಲದ್ದನ್ನೂ ಹೇಳಬೇಕು. ಹುಕ್ಕು ಇಲ್ಲ, ಲಾಡಿ ಇಲ್ಲ. ನಮ್ಮ ಕಡೆಯ ಸ್ಕರ್ಟು, ಚಡ್ಡಿ, ಪೈಜಾಮ ಎಲ್ಲದಕ್ಕೂ ಅವೇ ಅಲ್ವಾ. ಎಲ್‌ಕೆಜಿ ಮಗುವಿಗೆ ಹುಕ್ಕು ಕಷ್ಟ, ಹಾಗಾಗಿ ಯೂನಿಫಾರ್ಮ್ ಹೊಲಿಸುವಾಗ ಸೊಂಟಕ್ಕೆ ಎಲಾಸ್ಟಿಕ್ ಹಾಕಿ ಅಂತ ಟೈಲರ್‌ಗೆ ಮೊದಲೇ ಹೇಳಿ. ಟಾಯ್ಲೆಟ್‌ಗೆ ಅವಸರವಾದಾಗ ಚಡ್ಡಿ ಇಳಿಸಲು ಬರದೆ ಒದ್ದೆ ಮಾಡಿಕೊಳ್ಳುವ ಮಕ್ಕಳೇ ಜಾಸ್ತಿ. ಮನೆಯಲ್ಲಿ ಬರೀ ಕಮೋಡ್ ಇದ್ದು ಶಾಲೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಕುಕ್ಕರುಗಾಲಲ್ಲಿ ಕೂರುವುದನ್ನೂ ರೂಢಿ ಮಾಡಿಸಬೇಕು, ಜೊತೆಗೆ ಮಗ್ಗಿನಲ್ಲಿ ನೀರು ಹಾಕಿಕೊಂಡು ತೊಳೆದುಕೊಳ್ಳುವುದು. ಇದನ್ನು ಯಾವ ಬೋರ್ಡೂ ಕಲಿಸುವುದಿಲ್ಲ.

ಟಿಫನ್ ಡಬ್ಬಿಯೂ ಅಷ್ಟೇ. ಸೇರಿಸಲು ಹೋದಾಗ ಅಲ್ಲಿನ ಮಿಸ್ ಅಕ್ಷರ ಬರುತ್ತಾ ಅಂತ ಕೇಳಲಿಲ್ಲ, ಡಬ್ಬಿ ತೆಗೆಯುತ್ತಾಳಾ, ತಾನೇ ತಿನ್ನುತ್ತಾಳಾ ಅಂತ ಕೇಳಿದರು. ನಾಲ್ಕೂ ಕಡೆ ಲಾಕ್ ಇರುವ ಪ್ಲಾಸ್ಟಿಕ್ ಡಬ್ಬಿ ನಮಗೇ ಉಗುರು ಮುರಿಸುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಬಿಸಿ ಉಪ್ಪಿಟ್ಟು ತುಂಬಿ ಮುಚ್ಚಿದರೆ ಒಳಗಿನ ಹಬೆ ಆರಿದ ಮೇಲೆ ಮುಚ್ಚಳ ಹಿಡಿದುಕೊಳ್ಳುತ್ತದೆ, ಮಗು ಜಗ್ಗಿ ಜಗ್ಗಿ ಬಿಟ್ಟುಬಿಡುತ್ತದೆ. ಆರಿಸಿ ತುಂಬಿ. ಒಗ್ಗರಣೆ ಮಂಡಕ್ಕಿ ಹಾಕಿದ ದಿನ ಸ್ಪೂನೂ ಬೇಕು, ಕೈಯಲ್ಲಿ ತಿಂದರೆ ಅರ್ಧ ನೆಲಕ್ಕೆ. ಅಂಗನವಾಡಿಗೆ ಹೋದ ಮಕ್ಕಳು ಇದರಲ್ಲಿ ಮುಂದೆ, ಇದು ನಾನು ನಮ್ಮ ನೆಂಟರ ಮಕ್ಕಳಲ್ಲೇ ನೋಡಿದ್ದು. ಅಲ್ಲಿ ಕೈ ತೊಳೆದು, ಸಾಲಾಗಿ ಕೂತು, ತಮ್ಮ ತಟ್ಟೆಯಲ್ಲಿ ತಾವೇ ಉಣ್ಣುತ್ತಾರೆ, ಹಿಂದೆ ಹಿಂದೆ ಓಡಿ ತುತ್ತು ಇಡುವವರು ಯಾರೂ ಇಲ್ಲ.

ಹಾಗಾದರೆ ತಗೊಳ್ಳಬೇಕಾ? ಮೂರು ತುಂಬಿದ, ಒಂದು ಕಡೆ ಕೂರದ ಮಗು ಇದ್ದರೆ, ಬಸ್ಸಲ್ಲಿ ಬೆಂಗಳೂರಿಗೆ ಹೋಗುವಾಗ ಮೊಬೈಲ್ ಬದಲು ಕೊಡಲು ಬೇಕಿದ್ದರೆ, ತಗೊಳ್ಳಿ. ನಮಗೆ ಅದಕ್ಕೇ ಜಾಸ್ತಿ ಉಪಯೋಗವಾಗಿದೆ. ಬರೀ ಗುಂಡಿ ಕಲಿಸಲು ಬೇಕಿದ್ದರೆ ಹಳೇ ಶರ್ಟು ಸಾಕು.

ಮೂರರೊಳಗಿನ ಮಗುವಿಗಂತೂ ಬೇಡ. ನಮ್ಮ ಬೋರ್ಡಿನ ಒಂದು ಗುಂಡಿಯ ದಾರ ಬಂದ ವಾರವೇ ಸಡಿಲವಾಗಿತ್ತು, ಕಿತ್ತು ಬಂದರೆ ನೇರ ಬಾಯಿಗೆ. ಆಗ ತಿರುಗಿಸಿ ನೋಡಿದರೆ ಐಎಸ್‌ಐ ಗುರುತೇ ಇರಲಿಲ್ಲ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟದ ಸಾಮಾನಿಗೆ ಆ ಗುರುತು ಕಡ್ಡಾಯ. ಮಾರಿದವರಿಗೆ ಮೆಸೇಜ್ ಹಾಕಿದೆ. "ಇದು ಟಾಯ್ ಅಲ್ಲ ಮೇಡಂ, ಲರ್ನಿಂಗ್ ಕಿಟ್" ಅಂತ ಉತ್ತರ ಬಂತು. ಅಷ್ಟರಲ್ಲಿ ವಾಪಸ್ ಕಳಿಸುವ ಅವಧಿಯೂ ಮುಗಿದಿತ್ತು, ಗುಂಡಿಗಳನ್ನೆಲ್ಲ ಬಿಚ್ಚಿ ದಪ್ಪ ದಾರದಲ್ಲಿ ಮತ್ತೆ ಹೊಲಿದುಕೊಂಡೆ. ನೀವು ತರಿಸುವುದಾದರೆ ದುಡ್ಡು ಕಟ್ಟುವ ಮೊದಲೇ ಆ ಗುರುತಿನ ಫೋಟೋ ಕಳಿಸಿ ಅಂತ ಕೇಳಿ.