ವರ್ಲ್ಡ್ ಕಪ್‌ಗೆ ದೊಡ್ಡ ಸ್ಕ್ರೀನ್ ಬುಕ್ ಮಾಡೋರು ಅಡ್ವಾನ್ಸ್ ಹಾಕೋ ಮುಂಚೆ ಇದನ್ನ ಓದಿ

ನಿನ್ನೆ ನಮ್ಮ ಏರಿಯಾ ವಾಟ್ಸಾಪ್ ಗ್ರೂಪಲ್ಲಿ ಒಂದು ಪೋಸ್ಟರ್ ಬಂತು. 2026ರ ಫುಟ್‌ಬಾಲ್ ವರ್ಲ್ಡ್ ಕಪ್ ಆಫರ್, ಎಲ್‌ಇಡಿ ಸ್ಕ್ರೀನು, ಸೌಂಡು, ಜನರೇಟರ್ ಎಲ್ಲಾ ಸೇರಿ ಒಂದೇ ರೇಟಂತೆ. ಕೆಳಗಿರೋ ನಂಬರ್ ನೋಡಿ ಮೈ ಉರಿದುಹೋಯ್ತು. ಕಳೆದ ವರ್ಲ್ಡ್ ಕಪ್ ಫೈನಲ್‌ಗೆ ನಮ್ಮ ದುಡ್ಡು ನುಂಗಿದ ಅದೇ ಮನುಷ್ಯ. ಇಷ್ಟು ದಿನ ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ, ಈಗ ಹೇಳ್ತೀನಿ, ಇಲ್ದಿದ್ರೆ ಇನ್ಯಾರೋ ಹುಡುಗ್ರು ದುಡ್ಡು ಕಳ್ಕೋತಾರೆ.

2022 ಡಿಸೆಂಬರ್ 18, ಭಾನುವಾರ, ಅರ್ಜೆಂಟೀನಾ–ಫ್ರಾನ್ಸ್ ಫೈನಲ್. ಚಿಕ್ಕಮಗಳೂರಲ್ಲಿ ನಮ್ಮ ಲೇಔಟ್ ಪಕ್ಕದ ಮೈದಾನದಲ್ಲಿ ಎಲ್ಲರೂ ಒಟ್ಟಿಗೆ ಕೂತು ನೋಡೋಣ ಅಂತ ಮನೆಗೆ 300 ರೂಪಾಯಿ ಎತ್ತಿದ್ವಿ. ಎತ್ತಿದ್ದು ನಾನು. ಬಾಗಿಲು ಬಾಗಿಲಿಗೆ ಹೋಗಿ "ಥಿಯೇಟರ್ ಥರ ಇರುತ್ತೆ ಆಂಟಿ, ಬನ್ನಿ" ಅಂದಿದ್ದೂ ನಾನೇ. ಹಾಸನ ಕಡೆಯ ಒಬ್ಬ ಸಪ್ಲೈಯರ್ ಹತ್ರ ಮಾತಾಡಿದ್ದು, 12 ಅಡಿ 8 ಅಡಿ ಎಲ್‌ಇಡಿ ವಾಲ್, ಡಿಶ್ ಕನೆಕ್ಷನ್, ಜನರೇಟರ್, ಆಪರೇಟರ್, ಎಲ್ಲಾ ಸೇರಿ 22 ಸಾವಿರ, ಅದರಲ್ಲಿ 15 ಅಡ್ವಾನ್ಸ್. ಬಿಲ್ ಇಲ್ಲ, ಬರೆದು ಕೊಟ್ಟಿದ್ದಿಲ್ಲ, ಎಲ್ಲಾ ಫೋನಲ್ಲೇ. ಪರ್ಮಿಷನ್ ಕೇಳಿದ್ರೆ "ನಮಗೆ ಬಿಡಿ ಸಾರ್, ದಿನಾ ಮಾಡೋ ಕೆಲಸ" ಅಂದ.

4 ಗಂಟೆಗೆ ಬರಬೇಕಾದೋರು ಬಂದಿದ್ದು ಏಳೂಕಾಲಿಗೆ, ಒಂದು ಓಮ್ನಿಯಲ್ಲಿ. ಇಬ್ರು ಹುಡುಗ್ರು ಸುತ್ತಿದ ಬಿಳಿ ಬಟ್ಟೆ, ಒಂದು ಪ್ರೊಜೆಕ್ಟರ್, ಎರಡು ಬಾಕ್ಸ್ ಇಳಿಸಿದ್ರು. ಎಲ್‌ಇಡಿ ವಾಲ್ ಅಂದ್ರೆ ಪ್ಯಾನೆಲ್‌ಗಳು ಬರಬೇಕು, ಕಬ್ಬಿಣದ ಫ್ರೇಮ್ ಬರಬೇಕು, ಅವು ಹಿಂದಿನ ಗಾಡೀಲಿ ಬರ್ತಾವೆ ಅಂತ ನಾನು ರಸ್ತೆ ನೋಡ್ಕೊಂಡು ನಿಂತೆ. ಹತ್ತು ನಿಮಿಷ ನಿಂತಿದ್ದೆ. ಆಮೇಲೆ ಆ ಹುಡುಗನೇ "ಅಣ್ಣ, ಇಷ್ಟೇ ಇರೋದು" ಅಂದ.

ಫೋನ್ ಮಾಡಿದೆ. "ಸಾರ್, ಎಲ್‌ಇಡಿ ಅಂದ್ರಿ, ಇದು ಎಲ್‌ಇಡಿ ಪ್ರೊಜೆಕ್ಟರೇ ಅಲ್ವಾ." ವಾಲ್ ಅಂದಿದ್ದೆ ಕಣ್ರೀ! "ಗೋಡೆ ಮೇಲೂ ಬಿಡಬಹುದು ಸಾರ್, ಬರುತ್ತೆ." ನೀವು ಕಳಿಸಿದ ಫೋಟೋ? "ಅದು ಸ್ಯಾಂಪಲ್." ಇಷ್ಟು ಸಲೀಸಾಗಿ ಹೇಳ್ತಾನೆ, ಹಿಂದೆ ಜನ ಬೆಡ್‌ಶೀಟು, ಮಂಕಿಕ್ಯಾಪು, ಫ್ಲಾಸ್ಕಲ್ಲಿ ಕಾಫಿ ತಗೊಂಡು ಬಂದು ಕೂರ್ತಾ ಇದ್ದಾರೆ, ನಾನೇನು ಮಾಡ್ಲಿ?

ಡಿಶ್ಶೂ ಇಲ್ಲ. ಆಪರೇಟರ್ ಮೊಬೈಲ್ ಹಾಟ್‌ಸ್ಪಾಟಲ್ಲಿ ಆ್ಯಪ್ ಹಾಕಿದ. ಇಬ್ಬನಿಗೆ ಬಟ್ಟೆ ಒದ್ದೆಯಾಗಿ ಜೋತುಬಿತ್ತು, ಬೀದಿ ದೀಪದ ಬೆಳಕಲ್ಲಿ ಬಾಲೇ ಕಾಣಲ್ಲ. ಪಿಕ್ಚರ್ ಟಿವಿಗಿಂತ ಅರ್ಧ ನಿಮಿಷ ಹಿಂದೆ. ಅರ್ಜೆಂಟೀನಾದ ಮೆಸ್ಸಿ ಪೆನಾಲ್ಟಿ, ಡಿ ಮಾರಿಯಾ ಗೋಲು, ಎರಡನ್ನೂ ಸುತ್ತಲಿನ ಮನೆಯೋರ ಕೂಗಲ್ಲೇ ಮೊದಲು ಕೇಳಿದ್ವಿ.

ಹತ್ತು ಗಂಟೆಗೆ ಪೊಲೀಸ್ ಬಂದ್ರು. ಪರ್ಮಿಷನ್ ಲೆಟರ್ ಇಲ್ಲ, ರಾತ್ರಿ 10ರ ಮೇಲೆ ಸ್ಪೀಕರ್ ಹಾಕೋ ಹಾಗಿಲ್ಲ, ಸೌಂಡ್ ಆಫ್. ಅವರದ್ದೇನು ತಪ್ಪಿಲ್ಲ. 80ನೇ ನಿಮಿಷದ ಹೊತ್ತಿಗೆ ಪಿಕ್ಚರ್ ನಿಂತ್ಕೊಂಡ್ತು, ಸುಮ್ನೆ ಚಕ್ರ ತಿರುಗ್ತಾ ಇದೆ. ಮನೆಗಳಿಂದ ಒಂದು ಕೂಗು ಬಂತು. ಒಂದೂವರೆ ನಿಮಿಷಕ್ಕೆ ಇನ್ನೊಂದು. ಫ್ರಾನ್ಸಿನ ಎಂಬಾಪೆ 97 ಸೆಕೆಂಡಲ್ಲಿ ಎರಡು ಗೋಲು ಹೊಡೆದಿದ್ದ, ಫೈನಲ್ಲೇ ತಿರುಗಿಬಿಟ್ಟಿತ್ತು, ನಾವು ಮೈದಾನ ತುಂಬಾ ಜನ ಸದ್ದಿಲ್ಲದ ಕತ್ತಲಲ್ಲಿ ಖಾಲಿ ಬಟ್ಟೆ ನೋಡ್ಕೊಂಡು ಕೂತಿದ್ವಿ. ಎಲ್ಲರೂ ತಿರುಗಿ ನನ್ನನ್ನೇ ನೋಡಿದ್ರು. 10 ನಂಬರ್ ಜೆರ್ಸಿ ಹಾಕ್ಕೊಂಡು ಬಂದಿದ್ದ ಒಂದು ಮಗು ಅಳ್ತಾ ಇತ್ತು. 86ರಲ್ಲಿ ಅರ್ಜೆಂಟೀನಾದ ಮರಡೋನಾ ಕಪ್ ಎತ್ತಿದ್ದನ್ನ ಟಿವೀಲಿ ನೋಡಿದ್ದೆ, ಇನ್ನೊಂದ್ಸಲ ನೋಡ್ತೀನೇನೋ ಅಂತ ಬಂದಿದ್ದ ಒಬ್ರು ಅಂಕಲ್, "ಇರಲಿ ಬಿಡಪ್ಪಾ" ಅಂತ ಹೆಗಲು ಮುಟ್ಟಿ ಎದ್ದು ಹೋದ್ರು. ಬೈದಿದ್ರೆ ವಾಸಿ ಇತ್ತು.

ಎಕ್ಸ್‌ಟ್ರಾ ಟೈಮ್ ಹೊತ್ತಿಗೆ ಮೈದಾನ ಖಾಲಿ. ಬಾಡಿಗೆ ಕುರ್ಚಿ ಎಣಿಸ್ತಾ ಇದ್ದೆ, ಪಟಾಕಿ ಸದ್ದು ಕೇಳಿ ಅರ್ಜೆಂಟೀನಾ ಗೆದ್ದಿದ್ದು ಗೊತ್ತಾಯ್ತು. ಮೆಸ್ಸಿ ಕಪ್ ಎತ್ತಿದ್ದನ್ನ ನಾನು ನೋಡಿದ್ದು ಮಾರನೇ ದಿನ, ಮೊಬೈಲಲ್ಲಿ.

ಸೋಮವಾರ ಅಡ್ವಾನ್ಸ್ ವಾಪಸ್ ಕೇಳಿದೆ. ಬಂದ ರಿಪ್ಲೈ: "ಬ್ಯಾಲೆನ್ಸ್ 7 ಸಾವಿರ ಯಾವಾಗ ಹಾಕ್ತೀರಾ ಸಾರ್." ಏನೂ ಕಾಣ್ಲಿಲ್ಲ ಅಂದೆ. "ನೆಟ್‌ವರ್ಕ್ ನಿಮ್ಮೂರ್ದು, ನಾವೇನ್ ಮಾಡೋಕಾಗುತ್ತೆ." ಪರ್ಮಿಷನ್ ಅಂದೆ. "ಆರ್ಗನೈಸರ್ ನೀವಲ್ವಾ." ಆಮೇಲೆ ಬ್ಲಾಕ್. 15 ಸಾವಿರ ಹೋಯ್ತು. ಮನೆ ಮನೆಗೆ 300 ವಾಪಸ್ ಕೊಟ್ಟಿದ್ದು ನಾವು ನಾಲ್ಕು ಜನ, ಸ್ವಂತ ಜೇಬಿಂದ.

ಈ ಸಲ ಜೂನ್ 11ರಿಂದ ಜುಲೈ 19, ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ. ನಮಗದು ಮಳೆಗಾಲ, ಫೈನಲ್ ಶುರುವಾಗೋದೇ ನಮ್ಮ ಟೈಮಲ್ಲಿ ರಾತ್ರಿ ಹನ್ನೆರಡೂವರೆಗೆ. ಬಯಲಲ್ಲಿ ಸ್ಕ್ರೀನ್ ಹಾಕಿ ಸೌಂಡ್ ಕೊಡ್ತೀನಿ ಅನ್ನೋನು ಸುಳ್ಳು ಹೇಳ್ತಾ ಇದ್ದಾನೆ. ಎಲ್‌ಇಡಿ ಅಂತ ಮಾತ್ರ ಹೇಳ್ಬೇಡಿ, ಪ್ಯಾನೆಲ್ ಪಿ3ನಾ ಪಿ4ನಾ (ಸ್ಕ್ರೀನ್ ಚುಕ್ಕೆಗಳ ನಡುವಿನ ಅಂತರ, ಮಿಲಿಮೀಟರಲ್ಲಿ) ಅಂತ ಬರೆಸ್ಕೊಳ್ಳಿ, ಹೋಗಿ ಕಣ್ಣಾರೆ ನೋಡಿ, ಡಿಶ್ ಕೂತು ಚಾನೆಲ್ ಬಂದ ಮೇಲೆ ದುಡ್ಡು ಕೊಡಿ. ಪರ್ಮಿಷನ್ ಲೆಟರ್ ನಿಮ್ಮ ಕೈಯಲ್ಲೇ ಇರಲಿ.

ಆ ಪೋಸ್ಟರಲ್ಲಿ ಹಾಕಿರೋದು ನನಗೆ ಅವತ್ತು ಕಳಿಸಿದ್ದ ಅದೇ ಫೋಟೋ.